ಬೇಸಿಗೆಯಲ್ಲಿ ನೀರು ಬೇಡುವುದಿಲ್ಲ ಈ ಹೂಗೆಡ್ಡೆಗಳು

ಮನೆಯಲ್ಲಿ ಸುಗಂಧರಾಜ ಬೆಳೆದವರಿಗೆ ಗೆಡ್ಡೆಯ ಗುಟ್ಟು ಗೊತ್ತು. ಅದು ಗಿಡ ತನಗೆಂದೇ ಕಟ್ಟಿಟ್ಟುಕೊಂಡ ಬುತ್ತಿ. ಹೊರಗೆ ಕಾಲ ಸರಿಯಿಲ್ಲ ಅಂದರೆ ಗಿಡ ಬುತ್ತಿ ಸಮೇತ ಮಣ್ಣೊಳಗೆ ಮಲಗಿಬಿಡುತ್ತದೆ.

ನಮ್ಮಲ್ಲಿ ಮುಂಗಾರಿಗೆ ಏಳುವ ಗೆಡ್ಡೆಗಳೇ ಜಾಸ್ತಿ. ಮೆಡಿಟರೇನಿಯನ್ ಸಮುದ್ರದ ಸುತ್ತ ಇದು ತಿರುವುಮುರುವು. ಗ್ರೀಸ್, ದಕ್ಷಿಣ ಇಟಲಿ, ಸ್ಪೇನಿನ ಕರಾವಳಿಯಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ಹಾಗಾಗಿ ಅಲ್ಲಿನ ಗೆಡ್ಡೆಗಳು ಅಕ್ಟೋಬರ್ ಮಳೆಗೆ ಏಳುತ್ತವೆ, ವಸಂತದಲ್ಲಿ ಹೂ ಬಿಡುತ್ತವೆ, ಬಿಸಿಲು ಏರುವಾಗ ಮತ್ತೆ ಮಲಗುತ್ತವೆ. ನಮ್ಮವರು ಎಷ್ಟೋ ಮಂದಿ ಮನೆ ಮಾಡಿಕೊಂಡಿರುವ ಕ್ಯಾಲಿಫೋರ್ನಿಯಾದ ಕರಾವಳಿ ಮತ್ತು ಆಸ್ಟ್ರೇಲಿಯಾದ ಪರ್ತ್‌ನಲ್ಲೂ ಇದೇ ಹವೆ. ಪರ್ತ್‌ನವರು ಮಾತ್ರ ಇಲ್ಲಿ ಅಕ್ಟೋಬರ್ ಅಂದಲ್ಲೆಲ್ಲ ಏಪ್ರಿಲ್ ಅಂತ ಓದಿಕೊಳ್ಳಿ.

ಇಂಥ ಹವೆಯಲ್ಲಿ ತೋಟ ಮಾಡುವವರು ಮೊದಲು ಯಾವ ಗೆಡ್ಡೆ ಅಂತ ತೀರ್ಮಾನಿಸಿ. ಜನ ಎಡವುವುದು ಇಲ್ಲೇ. ಅಂಗಡಿಯ ಚಿತ್ರದಲ್ಲಿ ಹಾಲೆಂಡಿನ ದೊಡ್ಡ ಟ್ಯೂಲಿಪ್ ನೋಡಿ ಮನಸ್ಸು ಸೋಲುತ್ತದೆ, ಅಲ್ವಾ? ಆದರೆ ಅದರ ಪೂರ್ವಜರು ಮಧ್ಯ ಏಷ್ಯಾದ ಬೆಟ್ಟಗಳವರು. ಸುಮಾರು ಮೂರು ತಿಂಗಳ ಗಟ್ಟಿ ಚಳಿ ಸಿಗದಿದ್ದರೆ ದಂಟು ಉದ್ದವಾಗುವುದಿಲ್ಲ, ಹೂ ಎಲೆಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಬೇಕೇ ಬೇಕು ಅನ್ನುವವರು ನೆಡುವ ಮುಂಚೆ ಗೆಡ್ಡೆಗಳನ್ನು ಕಾಗದದ ಚೀಲಕ್ಕೆ ಹಾಕಿ ಕನಿಷ್ಠ 6ರಿಂದ 8 ವಾರ ಫ್ರಿಜ್‌ನಲ್ಲಿ ಇಡಬೇಕು. ಪಕ್ಕದಲ್ಲಿ ಸೇಬು ಇಡಬೇಡಿ. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ. ಚೀಲದ ಮೇಲೆ ಹೆಸರು ಬರೆದಿಡಿ. ಹೂಗೆಡ್ಡೆಗಳು ಈರುಳ್ಳಿಯ ಹಾಗೇ ಕಾಣುತ್ತವೆ. ನಾರ್ಸಿಸಸ್ ಎಂಬ ಹೂವಿನ ಗೆಡ್ಡೆಯಂತೂ ವಿಷ.

ಇಷ್ಟೆಲ್ಲ ಮಾಡಿದರೂ ಮರುವರ್ಷ ಆ ದೊಡ್ಡ ಟ್ಯೂಲಿಪ್ ಹೂ ಬಿಡುವುದು ಅಪರೂಪ. ನನ್ನನ್ನು ಕೇಳಿದರೆ ಮೆಡಿಟರೇನಿಯನ್ ನೆಲದವೇ ಆದ ಗೆಡ್ಡೆಗಳು ವಾಸಿ. ಕ್ರೀಟ್ ದ್ವೀಪದ ಟ್ಯೂಲಿಪಾ ಸ್ಯಾಕ್ಸಾಟಿಲಿಸ್ ಇದೆ. ತಿಳಿ ಗುಲಾಬಿ ಎಸಳು, ನಡುವೆ ಹಳದಿ. ಕಲ್ಲುಮಣ್ಣಲ್ಲಿ ತಾನೇ ಹಬ್ಬಿಕೊಳ್ಳುತ್ತದೆ, ಫ್ರಿಜ್ ಬೇಡ. ಸುವಾಸನೆ ಬೇಕಾದರೆ ಪೇಪರ್‌ವೈಟ್ ನಾರ್ಸಿಸಸ್. ಬಣ್ಣ ಬೇಕಾದರೆ ಅನಿಮೋನ್. ಅದರ ಗೆಡ್ಡೆ ಒಣಗಿದ ಶುಂಠಿ ಚೂರಿನಂತಿರುತ್ತದೆ. ಕೆಲವು ಗಂಟೆ ನೀರಲ್ಲಿ ನೆನೆಸಿ ನೆಡಿ. ಮೇಲು ಕೆಳಗು ತಿಳಿಯದಿದ್ದರೆ ಅಡ್ಡ ಮಲಗಿಸಿ, ಮೊಳಕೆ ದಾರಿ ಹುಡುಕಿಕೊಳ್ಳುತ್ತದೆ. ದಕ್ಷಿಣ ಆಫ್ರಿಕಾದ ಕೇಪ್ ಕಡೆಯಿಂದ ಬಂದ ಫ್ರೀಸಿಯಾಕ್ಕೂ ಈ ಹವೆ ಒಗ್ಗುತ್ತದೆ. ಕಾಡಿನಿಂದ ಮಾತ್ರ ಗೆಡ್ಡೆ ಕಿತ್ತು ತರಬೇಡಿ. ಹಾಗೆ ಕಿತ್ತೂ ಕಿತ್ತೂ ಬೆಟ್ಟಗಳು ಬರಿದಾಗಿವೆ. ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೇಳಿ ಕೊಳ್ಳಿ.

ಇನ್ನು ಮಣ್ಣು. ಒಂದಡಿ ಗುಂಡಿ ತೋಡಿ ನೀರು ತುಂಬಿಸಿ. ಗಂಟೆಗಟ್ಟಲೆ ನಿಂತರೆ ಅಲ್ಲಿ ಗೆಡ್ಡೆ ಕೊಳೆಯುತ್ತದೆ. ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿ ಏರುಮಡಿ ಮಾಡಿ. ಹಸಿ ಸಗಣಿ ಗೊಬ್ಬರ ಬೇಡ.

ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ, ಮಣ್ಣು ತಣ್ಣಗಾದ ಮೇಲೆ ನೆಡಿ. ಗೆಡ್ಡೆಯ ಎತ್ತರದ ಮೂರರಷ್ಟು ಆಳ, ಚೂಪು ತುದಿ ಮೇಲಕ್ಕೆ. ಮಳೆ ತಡವಾದರೆ ಒಮ್ಮೆ ಚೆನ್ನಾಗಿ ನೀರು ಹಾಕಿ. ಉಳಿದದ್ದನ್ನು ಚಳಿಗಾಲದ ಮಳೆ ನೋಡಿಕೊಳ್ಳುತ್ತದೆ.

ಹೂ ಬಾಡಿದ ಮೇಲಿನ ಕೆಲಸವೇ ಮುಖ್ಯ. ಒಣಗಿದ ಹೂ ಕತ್ತರಿಸಿ, ಎಲೆ ಮುಟ್ಟಬೇಡಿ. ಅಂದ ಕೆಟ್ಟಿತು ಅಂತ ಸುಮ್ನೆ ಕೊಯ್ದುಬಿಟ್ಟರೆ ಮುಂದಿನ ವರ್ಷದ ಬುತ್ತಿ ತುಂಬುವುದಿಲ್ಲ. ಎಲೆ ತಾನಾಗಿ ಹಳದಿಯಾಗಲು ಸುಮಾರು ಆರು ವಾರ ಬೇಕು. ಹಳದಿಯಾಗುತ್ತಲೇ ನೀರು ನಿಲ್ಲಿಸಿ. ಅಲ್ಲಿಂದ ಅಕ್ಟೋಬರ್‌ವರೆಗೆ ಹನಿ ನೀರಾವರಿಯ ಪೈಪೂ ಹತ್ತಿರ ಸುಳಿಯಬಾರದು. ಮಲಗಿರುವ ಗೆಡ್ಡೆಗೆ ಬೆಚ್ಚಗಿನ ಒದ್ದೆ ಮಣ್ಣಿಗಿಂತ ದೊಡ್ಡ ಶತ್ರುವಿಲ್ಲ. ಅದಕ್ಕೇ ಹುಲ್ಲುಹಾಸಿನ ಪಕ್ಕ ಬಿಟ್ಟು, ಲ್ಯಾವೆಂಡರ್, ರೋಸ್‌ಮೇರಿ ಗಿಡಗಳ ನಡುವೆ ನೆಡಿ. ಅವಕ್ಕೂ ಬೇಸಿಗೆಯಲ್ಲಿ ನೀರಿನ ಹಂಬಲವಿಲ್ಲ. ಹಳದಿ ಎಲೆಯೂ ಅವುಗಳ ಮರೆಯಲ್ಲಿ ಅಡಗುತ್ತದೆ.

ಅಥೆನ್ಸ್ ಹತ್ತಿರದ ಪಿಯಾನಿಯಾದಲ್ಲಿ ಸ್ಪರೋಜಾ ಎಂಬ ತೋಟವಿದೆ. ನಗರ ಯೋಜನೆಯಲ್ಲಿ ಹೆಸರು ಮಾಡಿದ್ದ ಜ್ಯಾಕ್ವೆಲಿನ್ ಟಿರ್ವಿಟ್ ಕಲ್ಲುಗುಡ್ಡದ ಮೇಲೆ ಎಬ್ಬಿಸಿದ ತೋಟ ಅದು. 1994ರಲ್ಲಿ ಹುಟ್ಟಿದ ಮೆಡಿಟರೇನಿಯನ್ ಗಾರ್ಡನ್ ಸೊಸೈಟಿಗೆ ಅದೇ ನೆಲೆಯಾಯಿತು. ಅಲ್ಲಿನ ತೋಟಗಾರರು ಆಗಸ್ಟ್ ತಿಂಗಳ ಕಂದು ಬಣ್ಣಕ್ಕೆ ಹೆದರುವುದಿಲ್ಲ. ನಾವೂ ಹೆದರಬೇಕಿಲ್ಲ.

ತೋಟಕ್ಕೆ ಬೇಸಿಗೆಯಲ್ಲಿ ನೀರು ಹಾಯಿಸಲೇಬೇಕು ಅನ್ನುವವರು ಗೆಡ್ಡೆಗಳನ್ನು ಕುಂಡದಲ್ಲಿ ಬೆಳೆಸಿ. ಎಲೆ ಪೂರ್ತಿ ಒಣಗಿದಾಗ ಕುಂಡವನ್ನು ಸೂರಿನಡಿ ಅಡ್ಡ ಮಲಗಿಸಿಡಿ. ಅಕ್ಟೋಬರ್‌ನ ಮೊದಲ ಮಳೆ ಬಂದ ದಿನ ನೆಟ್ಟಗೆ ನಿಲ್ಲಿಸಿ ಅಂಗಳಕ್ಕೆ ತನ್ನಿ.