ಟ್ರೇಲರ್ ಟೈರಿಗೆ ಬ್ಯಾಲೆನ್ಸಿಂಗ್ ಬೇಕಾ? ನಾನು ಎರಡು ಸಲ ಮಾಡಿಸಿದ ಅನುಭವ

ನಾವಿರೋದು ಡಲ್ಲಾಸ್ ಹತ್ರ. ಮೂರು ವರ್ಷದ ಹಿಂದೆ ಒಂದು 23 ಅಡಿ ಟ್ರಾವೆಲ್ ಟ್ರೇಲರ್ ತಗೊಂಡ್ವಿ, ಸೆಕೆಂಡ್ ಹ್ಯಾಂಡ್. ಗೊತ್ತಿಲ್ಲದವರಿಗೆ ಹೇಳ್ಬೇಕು ಅಂದ್ರೆ ಪಿಕಪ್ ಟ್ರಕ್ ಹಿಂದೆ ಕಟ್ಕೊಂಡು ಹೋಗೋ ಪುಟ್ಟ ಮನೆ, ಒಳಗೆ ಒಲೆ, ಫ್ರಿಜ್, ಹಾಸಿಗೆ, ಬಾತ್‌ರೂಮ್ ಎಲ್ಲಾ ಇರತ್ತೆ. ಎರಡು ಆಕ್ಸಲ್, ನಾಲ್ಕು ಚಕ್ರ, ಟೈರ್ ಸೈಜು ಎಸ್‌ಟಿ205/75ಆರ್14. ಎಸ್‌ಟಿ ಅಂದ್ರೆ ಸ್ಪೆಷಲ್ ಟ್ರೇಲರ್, ಕಾರಿಗೆ ಹಾಕೋ ಟೈರಲ್ಲ.

ಶುರುವಾಗಿದ್ದು ಸ್ಕ್ರೂಗಳಿಂದ. ಪ್ರತಿ ಟ್ರಿಪ್ ಮುಗಿಸಿ ಕ್ಯಾಂಪ್‌ಗ್ರೌಂಡಲ್ಲಿ ಬಾಗಿಲು ತೆಗೆದ್ರೆ ನೆಲದ ಮೇಲೆ ಒಂದೋ ಎರಡೋ ಸ್ಕ್ರೂ ಬಿದ್ದಿರೋದು, ನನ್ನ ಹೆಂಡತಿ "ರೀ, ಇಲ್ನೋಡಿ, ಮತ್ತೆ ಎರಡು" ಅಂತ ಎತ್ತಿ ಒಂದು ಖಾಲಿ ಉಪ್ಪಿನಕಾಯಿ ಬಾಟಲಿಗೆ ಹಾಕೋಳು. ಕಪಾಟಿನ ಹಿಂಜ್‌ದು, ಡ್ರಾಯರ್ ಚಾನೆಲ್‌ದು, ಒಂದ್ಸಲ ಕಿಟಕಿ ಪರದೆ ಬ್ರಾಕೆಟ್ಟೇ ಕಳಚಿ ಹಾಸಿಗೆ ಮೇಲೆ ಬಿದ್ದಿತ್ತು. ನಾನು ರೋಡ್ ಸರಿ ಇಲ್ಲ ಅಂದ್ಕೊಂಡು ಸ್ಕ್ರೂ ತೂತಿಗೆ ಮರದ ಕಡ್ಡಿ, ಗೋಂದು ತುಂಬಿ ಮತ್ತೆ ಟೈಟ್ ಮಾಡ್ತಾ ಇದ್ದೆ. ಆದ್ರೆ ಪಾಲೋ ಡ್ಯೂರೋ ಕ್ಯಾನಿಯನ್ ಅನ್ನೋ ಕಣಿವೆಗೆ ಹೋಗೋ ಯುಎಸ್ 287 ಹೈವೇ ಎಷ್ಟೋ ಕಡೆ ಚೆನ್ನಾಗೇ ಇದೆ, ಅಲ್ಲೂ ಇದೇ ಕಥೆ.

ಒಂದಿನ ಟೈರಿಗೆ ಗಾಳಿ ಚೆಕ್ ಮಾಡ್ತಾ ಕೂತಾಗ ರಿಮ್ ಕಡೆ ಸರಿಯಾಗಿ ನೋಡಿದೆ. ಚಕ್ರದ ತೂಕ ಸುತ್ತಲೂ ಸಮ ಇರ್ಲಿ ಅಂತ ಕಾರಿನ ರಿಮ್ ಅಂಚಲ್ಲಿ ಸೀಸದ್ದೋ ಕಬ್ಬಿಣದ್ದೋ ಚಿಕ್ಕ ತುಂಡು ಸಿಕ್ಕಿಸಿರ್ತಾರಲ್ಲ, ಅದೇ ಬ್ಯಾಲೆನ್ಸಿಂಗ್, ಇಲ್ಲಿ ನಾಲ್ಕರಲ್ಲೂ ಒಂದೂ ಇಲ್ಲ. ಟಾರ್ಚ್ ಹಿಡ್ಕೊಂಡು ಒಳಗಡೆನೂ ನೋಡ್ದೆ, ಅಂಟಿಸಿದ ಗುರುತೂ ಇಲ್ಲ. ವಿಚಾರಿಸಿದ್ರೆ ಸುಮಾರು ಟ್ರೇಲರ್‌ಗಳು ಫ್ಯಾಕ್ಟರಿಯಿಂದ ಬ್ಯಾಲೆನ್ಸ್ ಇಲ್ಲದೇ ಬರತ್ತಂತೆ. ಟೈರ್ ಅಂಗಡಿಲಿ ಕೇಳಿದ್ರೆ ಹತ್ತರಲ್ಲಿ ಎಂಟು ಜನ ಒಂದೇ ಮಾತು, "ಅದರೊಳಗೆ ಯಾರೂ ಕೂರಲ್ಲ, ಸ್ಟಿಯರಿಂಗೂ ಇಲ್ಲ, ಸುಮ್ನೆ ದುಡ್ಡು ಯಾಕೆ ಹಾಕ್ತೀರ".

ಇದು ನಂಗೆ ಒಪ್ಪಿಗೆ ಆಗ್ಲಿಲ್ಲ. ಯಾರೂ ಕೂರಲ್ಲ ಅನ್ನೋದು ನಿಜ, ಆದ್ರೆ ಯಾರಾದ್ರೂ ಕೂತಿದ್ರೆ ಅದುರ್ತಾ ಇದೆ ಅಂತ ಮೊದಲ ದಿನವೇ ಗೊತ್ತಾಗೋದು. ಕಾರಲ್ಲಾದ್ರೆ ಶಾಕ್ ಅಬ್ಸಾರ್ಬರ್ ಇರತ್ತೆ, ನಮ್ಮ ಟ್ರೇಲರ್ ಥರದ್ದರಲ್ಲಿ ಬರೀ ಲೀಫ್ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಇಲ್ವೇ ಇಲ್ಲ, ಚಕ್ರ ಕುಣಿದಿದ್ದೆಲ್ಲ ಸೀದಾ ಫ್ರೇಮಿಗೆ, ಅಲ್ಲಿಂದ ತೆಳು ಪ್ಲೈವುಡ್ ಕಪಾಟಿಗೆ. ಒಂದು ಲೆಕ್ಕ ಹಾಕಿ ನೋಡ್ದೆ. ಈ ಸೈಜಿನ ಟೈರು ಗಂಟೆಗೆ 60 ಮೈಲಿ ಸ್ಪೀಡಲ್ಲಿ ಸೆಕೆಂಡಿಗೆ ಸುಮಾರು 13 ಸುತ್ತು ತಿರುಗತ್ತೆ, ರಿಮ್ ಅಂಚಲ್ಲಿ 4 ಔನ್ಸ್ ಅಂದ್ರೆ 113 ಗ್ರಾಂ ಹೆಚ್ಚುಕಮ್ಮಿ ಇದ್ರೆ ಅದು ಎಳೆಯೋ ಬಲ ಹತ್ತಿರಹತ್ತಿರ 13 ಕೆಜಿ. ಸೆಕೆಂಡಿಗೆ 13 ಸಲ, 13 ಕೆಜಿ ಬಲದಲ್ಲಿ ಸುತ್ತಿಗೆ ಹೊಡೆದ ಹಾಗೆ, ಆರು ಗಂಟೆ ಡ್ರೈವ್ ಪೂರ್ತಿ. ಸ್ಕ್ರೂ ಬೀಳದೇ ಇನ್ನೇನಾಗತ್ತೆ.

ಸರಿ, ಮೊದಲು ಸಾಕ್ಷಿ ಬೇಕಲ್ಲ. ಒಂದು ಸ್ಟೀಲ್ ತಟ್ಟೆ ಮೇಲೆ ಎರಡು ಕಾಫಿ ಲೋಟ ಬೋರಲು ಹಾಕಿ ಆಕ್ಸಲ್ ಮೇಲ್ಗಡೆ ಬರೋ ಜಾಗದಲ್ಲಿ ನೆಲದ ಮೇಲಿಟ್ಟು, ಪಕ್ಕದಲ್ಲಿ ಫೋನ್ ರೆಕಾರ್ಡಿಂಗ್ ಆನ್ ಮಾಡಿ, ಬಾಗಿಲು ಹಾಕಿ ಹೈವೇಗೆ ಹೋದೆ. ಮುಂದೆ ಹೆಂಡತಿ ಸ್ಪೀಡ್ ಮತ್ತೆ ಟೈಮ್ ಬರ್ಕೊಂಡ್ಳು. ಮನೆಗೆ ಬಂದು ಕೇಳಿದ್ರೆ 45ರಲ್ಲಿ ಆಗೊಂದು ಈಗೊಂದು ಟಕ್ ಅನ್ನತ್ತೆ, ಅದು ರೋಡಿನ ಜಾಯಿಂಟು. 58 ದಾಟಿದ ಮೇಲೆ ಕಿಣಿಕಿಣಿಕಿಣಿ ಅಂತ ಒಂದೇ ಸಮ, ನಿಲ್ಲೋದೇ ಇಲ್ಲ. ರೋಡಿನ ಹಳ್ಳಕ್ಕೆ ಹಾಗೆ ಒಂದೇ ತಾಳ ಇರಲ್ಲ, ಇದು ತಿರುಗ್ತಾ ಇರೋ ವಸ್ತುದ್ದೇ ಕೆಲಸ.

ಬೇರೆ ಕಾರಣಗಳನ್ನೂ ನೋಡ್ದೆ, ಯಾಕಂದ್ರೆ ಎಲ್ಲಾದಕ್ಕೂ ಬ್ಯಾಲೆನ್ಸಿಂಗ್ ಔಷಧಿ ಅಲ್ಲ. ಜಾಕ್ ಹಾಕಿ ಚಕ್ರ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ್ರೆ ಬೇರಿಂಗ್ ಸಡಿಲ ಇರ್ಲಿಲ್ಲ. (ಜಾಕ್ ಹಾಕೋದು ಫ್ರೇಮಿಗೆ, ಆಕ್ಸಲ್ ಕೊಳವೆಗಲ್ಲ, ಅದು ಬಗ್ಗತ್ತೆ.) ಗಾಳಿ 65 ಪಿಎಸ್‌ಐ, ನಮ್ಮ ಲೋಡ್ ರೇಂಜ್ ಡಿ (ಎಷ್ಟು ಭಾರ ಹೊರತ್ತೆ ಅನ್ನೋ ದರ್ಜೆ) ಟೈರಿಗೆ ಅಷ್ಟು ಸರಿ. ಸ್ಪ್ರಿಂಗ್ ಬೋಲ್ಟಿನ ಸುತ್ತ ಇರೋ ಪ್ಲಾಸ್ಟಿಕ್ ಕೊಳವೆ, ಅಂದ್ರೆ ಬುಶ್ ಮಾತ್ರ ಸವೆದು ಕಾಗದದ ಹಾಗಾಗಿತ್ತು, ಅದನ್ನ ತೆಗೆದು ಗ್ರೀಸ್ ಹಾಕೋಕೆ ಬರೋ ಕಂಚಿನ ಬುಶ್ ಹಾಕ್ದೆ. ಲೋಟದ ಸದ್ದು ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ.

ಆಮೇಲೆ ಬ್ಯಾಲೆನ್ಸಿಂಗ್. ಪೂರ್ತಿ ಟ್ರೇಲರ್ ಎಳ್ಕೊಂಡು ಹೋಗೋ ಬದಲು ಎರಡೆರಡೇ ಚಕ್ರ ಬಿಚ್ಚಿ ಟ್ರಕ್ಕಲ್ಲಿ ಹಾಕ್ಕೊಂಡು ಹೋದೆ. ಮೊದಲನೇ ಅಂಗಡಿಯವರು ಅರ್ಧ ಗಂಟೆಲಿ ಮಾಡಿಕೊಟ್ರು, ಮೆಷಿನ್ ಮೇಲೆ ಎಲ್ಲಾದಕ್ಕೂ ಸೊನ್ನೆ ತೋರಿಸಿದ್ರು. ಖುಷಿಯಾಗಿ ಹಾಕ್ಕೊಂಡು ಅದೇ ರೋಡು, ಅದೇ ಲೋಟ. ಸದ್ದು ಹಾಗೇ ಇದೆ, ಒಂದು ಕಡೆ ಇನ್ನೂ ಜಾಸ್ತಿನೇ ಅನ್ನಿಸ್ತು. ನಿಜವಾಗ್ಲೂ ಬೇಜಾರಾಯ್ತು, ಎಲ್ಲರೂ ಹೇಳಿದ್ದೇ ಸರಿಯೇನೋ ಅಂತ ಒಂದು ತಿಂಗಳು ಬಿಟ್ಬಿಟ್ಟೆ.

ಯಾಕೆ ಹೀಗಾಯ್ತು ಅಂತ ತಿಳಿದಿದ್ದು ಲಾರಿ, ಟ್ರೇಲರ್ ಟೈರ್ ಕೆಲಸವನ್ನೇ ಮಾಡೋ ಇನ್ನೊಬ್ಬರ ಹತ್ರ. ನಮ್ಮ ಚಕ್ರ ನೋಡಿದ ತಕ್ಷಣ ಅವರು ಕೇಳಿದ್ದು, "ಇದನ್ನ ಮೆಷಿನ್‌ಗೆ ಹೇಗೆ ಹಾಕಿದ್ರು, ಮಧ್ಯದ ತೂತಿಗೆ ಕೋನ್ ಹಾಕಿದ್ರಾ?" ಹೌದು, ಹಾಗೇ ಹಾಕಿದ್ರು. ತಪ್ಪಿರೋದೇ ಅಲ್ಲಿ. ಸುಮಾರು ಕಾರುಗಳಲ್ಲಿ ಚಕ್ರದ ಮಧ್ಯದ ತೂತು ಹಬ್ (ಆಕ್ಸಲ್ ತುದೀಲಿ ಚಕ್ರ ಕೂರೋ ಭಾಗ) ಮೇಲೆ ಬಿಗಿಯಾಗಿ ಕೂರತ್ತೆ, ಆ ತೂತೇ ನಡುಬಿಂದು. ಟ್ರೇಲರ್ ಚಕ್ರದಲ್ಲಿ ಸಾಮಾನ್ಯವಾಗಿ ಮಧ್ಯದ ತೂತು ಹಬ್‌ಗಿಂತ ದೊಡ್ಡದು, ಸುಮ್ನೆ ಒಳಗೆ ತೂರೋಕೆ ಅಷ್ಟೇ, ಚಕ್ರನ ನಡುವಿಗೆ ತಂದು ಕೂರಿಸೋದು ಆ ಐದು ಶಂಕು ಆಕಾರದ ನಟ್ಟುಗಳು. ಅಂದ್ಮೇಲೆ ಮೆಷಿನ್ ಮೇಲೆ ಮಧ್ಯದ ತೂತನ್ನ ಹಿಡಿದು ತಿರುಗಿಸಿದ್ರೆ ಅದು ಒಂದು ನಡುಬಿಂದು, ರೋಡಲ್ಲಿ ತಿರುಗೋದು ಇನ್ನೊಂದು. ಟೈರ್ ರಿಮ್ ಸೇರಿ 17 ಕೆಜಿ ಇರೋ ಚಕ್ರ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದ್ರೆ ಸಾಕು, ರಿಮ್ ಅಂಚಿಗೆ ಬರೋ ಹೊತ್ತಿಗೆ ಸುಮಾರು 48 ಗ್ರಾಂ ವ್ಯತ್ಯಾಸ, ಒಂದೂಮುಕ್ಕಾಲು ಔನ್ಸ್ ಹತ್ರ.

ಅವರ ಹತ್ರ ಒಂದು ದಪ್ಪ ಪ್ಲೇಟ್ ಇತ್ತು, ಐದು ಬೆರಳು ಚಾಚಿದ ಹಾಗೆ ಐದು ಮೊನೆ, ಅದು ನಟ್ಟಿನ ತೂತುಗಳಿಗೆ ಕೂರತ್ತೆ, ಲಗ್ ಪ್ಲೇಟ್ ಅಂದ್ರು. ಮೊದಲನೇ ಅಂಗಡಿಯ "ಸೊನ್ನೆ" ಚಕ್ರನೇ ಅದರಲ್ಲಿ ಹಾಕಿ ತಿರುಗಿಸಿದ್ರು, ನಾನು ಪಕ್ಕದಲ್ಲೇ ನಿಂತಿದ್ದೆ, ಪರದೆ ಮೇಲೆ 2.5 ಔನ್ಸ್ ಬಂತು. ಹಳೇ ತುಂಡುಗಳನ್ನೆಲ್ಲ ಕಿತ್ತು ಹೊಸದಾಗಿ ಶುರು ಮಾಡಿದ್ರು. ಮೂರು ಚಕ್ರಕ್ಕೆ ಎರಡರಿಂದ ಮೂರು ಔನ್ಸ್ ಸಾಕಾಯ್ತು. ನಾಲ್ಕನೇದು 6 ಔನ್ಸ್ ಕೇಳ್ತು. ಅಷ್ಟು ತೂಕ ಅಂಟಿಸೋದು ಸರಿಯಲ್ಲ ಅಂತ ಗಾಳಿ ಬಿಟ್ಟು, ಟೈರನ್ನ ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಗಾಳಿ ಹಾಕಿದ್ರು, 2.75ಕ್ಕೆ ಇಳೀತು. ರಿಮ್‌ನ ಭಾರದ ಜಾಗ, ಟೈರ್‌ನ ಭಾರದ ಜಾಗ ಒಂದೇ ಕಡೆ ಸೇರ್ಕೊಂಡಿತ್ತಂತೆ. ಆ ಕೈಕೆಲಸ ನೋಡೋಕೇ ಒಂಥರಾ ಸಂತೋಷ. ಒಂದು ಚಕ್ರಕ್ಕೆ 18 ಡಾಲರ್ ತಗೊಂಡ್ರು.

ಮನೆಗೆ ತಂದು ಹಾಕೋವಾಗ ಅಂಟಿಸಿದ ತುಂಡು ಬ್ರೇಕ್ ಡ್ರಮ್‌ಗೆ ತಾಗುತ್ತಾ ಅಂತ ಕೈಯಲ್ಲೇ ತಿರುಗಿಸಿ ನೋಡ್ಕೊಂಡೆ. ನಟ್ಟು ಟೈಟ್ ಮಾಡೋದು ಮಾತ್ರ ಅಂದಾಜಲ್ಲಿ ಬೇಡ, ಚಕ್ರನ ನಡುವಿಗೆ ತರೋದೇ ಅವು ಅಂದ್ಮೇಲೆ ಒಂದು ಸೊಟ್ಟ ಕೂತ್ರೂ ಮಾಡಿಸಿದ ಬ್ಯಾಲೆನ್ಸ್ ವೇಸ್ಟು. ಚಕ್ರ ನೆಲಕ್ಕೆ ತಾಗದೇ ಜಾಕ್ ಮೇಲಿರುವಾಗಲೇ ಐದನ್ನೂ ಕೈಯಲ್ಲಿ ತಿರುಗಿಸಿ, ನಕ್ಷತ್ರದ ಥರ ಎದುರು ಬದುರು, ಮೊದಲು 20-25, ಆಮೇಲೆ 50-60, ಕೊನೆಗೆ 90ರಿಂದ 120 ಅಡಿ-ಪೌಂಡ್ ಒಳಗೆ ಅಂತ ನಮ್ಮ ಆಕ್ಸಲ್ ಮ್ಯಾನುಯಲ್‌ನಲ್ಲಿದೆ, ನಾನು 110 ಇಡ್ತೀನಿ. 10, 25, 50 ಮೈಲಿ ಆದ್ಮೇಲೆ ನಿಲ್ಲಿಸಿ ಟಾರ್ಕ್ ರೆಂಚ್ ಹಾಕಿ ಮತ್ತೆ ನೋಡ್ಬೇಕು. ಆವತ್ತು 25ನೇ ಮೈಲೀಲಿ ಎರಡು ನಟ್ಟು ಕಾಲು ಸುತ್ತು ತಿರುಗಿದ್ವು.

ಮತ್ತೆ ಲೋಟದ ಪರೀಕ್ಷೆ. 62ರಲ್ಲೂ ಆ ಕಿಣಿಕಿಣಿ ಇಲ್ಲ, ಜಾಯಿಂಟ್ ಬಂದಾಗ ಟಕ್, ಆಮೇಲೆ ಸುಮ್ನೆ. ಹೆಂಡತಿ ಎರಡು ಸಲ ಹಾಕಿಸ್ಕೊಂಡು ಕೇಳಿದ್ಳು.

ಟೈರ್ ಬಾಳಿಕೆ ಎಷ್ಟು ಹೆಚ್ಚತ್ತೆ ಅಂತ ನಾನು ಹೇಳಲ್ಲ, ಈ ಟೈರುಗಳನ್ನ ಸವೆಯೋಕ್ಕಿಂತ ಮುಂಚೆ ವಯಸ್ಸಾಗಿದ್ದಕ್ಕೇ ಬದಲಾಯಿಸ್ಬೇಕಾಗತ್ತೆ. ಹುಲ್ಲು, ಕಟ್ಟಿಗೆ ಸಾಗಿಸೋ ಚಿಕ್ಕ ಟ್ರೇಲರ್‌ಗಾದ್ರೆ ನಾನೂ ಮಾಡಿಸಲ್ಲ. ಆದ್ರೆ ಒಳಗೆ ಮನೆ ಇದೆ, ದೂರ ಹೋಗ್ತೀರ ಅಂದ್ರೆ ಮಾಡಿಸಿ, ಹೋಗೋಕ್ಕೆ ಮುಂಚೆ ಫೋನ್ ಮಾಡಿ "ಟ್ರೇಲರ್ ಚಕ್ರ, ನಟ್ಟಿನ ತೂತು ಹಿಡಿಯೋ ಲಗ್ ಪ್ಲೇಟ್ ಇದ್ಯಾ" ಅಂತ ಕೇಳಿ, ಇಲ್ಲ ಅಂದ್ರೆ ಬೇರೆ ಅಂಗಡಿ ನೋಡಿ. ಹೋದ ತಿಂಗಳು ಮತ್ತೆ ಪಾಲೋ ಡ್ಯೂರೋಗೆ ಹೋಗಿ ಬಂದ್ವಿ, ಹೋಗ್ತಾ ಬರ್ತಾ 700 ಮೈಲಿ ಮೇಲಾಯ್ತು, ಉಪ್ಪಿನಕಾಯಿ ಬಾಟಲಿಗೆ ಹೊಸದಾಗಿ ಒಂದು ಸ್ಕ್ರೂನೂ ಬಿದ್ದಿಲ್ಲ. ಸ್ಟೆಪ್ನಿ ಒಂದು ಬಾಕಿ ಇದೆ, ಅದನ್ನ ಈ ಶನಿವಾರ ತಗೊಂಡು ಹೋಗ್ತೀನಿ.