ಶುಂಠಿ ಖಾರ ಸರಿಯಾಗಿದ್ದರೆ ಮ್ಯೂಲ್ ಸರಿಯಾಗುತ್ತದೆ

ಮನೆಯಲ್ಲಿ ಕಾಕ್‌ಟೇಲ್ ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಮ್ಯೂಲ್. ಲೆಕ್ಕ ಒಂದೇ: ಮದ್ಯ, ನಿಂಬೆರಸ, ಶುಂಠಿ ಸೋಡಾ (ಅಂದರೆ ಜಿಂಜರ್ ಬಿಯರ್ ಅಥವಾ ಜಿಂಜರ್ ಏಲ್). ವೋಡ್ಕಾ ಹಾಕಿದರೆ ಮಾಸ್ಕೋ ಮ್ಯೂಲ್, ಜಿನ್ ಹಾಕಿದರೆ ಜಿನ್ ಬಕ್, ಬೂರ್ಬನ್ ಹಾಕಿದರೆ ಕೆಂಟಕಿ ಮ್ಯೂಲ್. ಹೆಸರಲ್ಲಿ ಮಾಸ್ಕೋ ಇದ್ದರೂ ಇದು 1940ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಹೆಸರು ಮಾಡಿದ್ದು, ವೋಡ್ಕಾ ಖರ್ಚಾಗದ ವ್ಯಾಪಾರಿ ಜಾನ್ ಮಾರ್ಟಿನ್ ಮತ್ತು ಜಿಂಜರ್ ಬಿಯರ್ ಖರ್ಚಾಗದ ಬಾರ್ ಮಾಲೀಕ ಜ್ಯಾಕ್ ಮಾರ್ಗನ್ ಸೇರಿ ಓಡಿಸಿದ್ದು. ಸ್ಕಾಚ್ ಹಾಕುವ ಮೇಮೀ ಟೇಲರ್ ಅದಕ್ಕಿಂತಲೂ ಹಳೆಯದು.

ಅಂಗಡಿಯ ಜಿಂಜರ್ ಏಲ್ ನನಗೆ ಸುಮ್ನೆ ಸಿಹಿ ನೀರು. ಜಿಂಜರ್ ಬಿಯರ್‌ಗೆ ಖಾರ ಇರುತ್ತದೆ, ಆದರೆ ಬೆಲೆ ಜಾಸ್ತಿ. ಅದಕ್ಕೇ ಶುಂಠಿ ಪಾಕ ನಾನೇ ಮಾಡಿಕೊಳ್ಳುತ್ತೇನೆ. ಎಳೆ ಶುಂಠಿ ಬೇಡ, ನಾರಿರುವ ಬಲಿತ ಶುಂಠಿಯೇ ಬೇಕು. ಚೆನ್ನಾಗಿ ತೊಳೆದು, ಸ್ವಲ್ಪ ನೀರು ಹಾಕಿ ಮಿಕ್ಸಿಯಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ರಸವನ್ನು ಕಾಲು ಗಂಟೆ ಅಲುಗಾಡಿಸದೆ ಇಟ್ಟರೆ ಬಿಳಿ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಿ. ರಸದಷ್ಟೇ ತೂಕದ ಸಕ್ಕರೆ ಹಾಕಿ, ಕರಗುವವರೆಗೆ ಕದಡಿ. ಒಲೆಗೆ ಇಡಬೇಡಿ! ಕುದಿಸಿದರೆ ಹಸಿ ಶುಂಠಿಯ ಆ ಚುರುಕು ಹೋಗಿ ಕಷಾಯದ ರುಚಿ ಬರುತ್ತದೆ. ಫ್ರಿಜ್‌ನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಿಬಿಡಿ.

ಎತ್ತರದ ಲೋಟದ ತುಂಬ ಐಸ್, 45 ಮಿಲಿ ಮದ್ಯ, 15 ಮಿಲಿ ಆಗ ತಾನೇ ಹಿಂಡಿದ ನಿಂಬೆರಸ, 20 ಮಿಲಿ ಪಾಕ. ಇಷ್ಟನ್ನು ಮೊದಲು ಕಲಸಿ, ಕೊನೆಗೆ ತಣ್ಣಗಿನ ಸಾದಾ ಸೋಡಾ 100ರಿಂದ 120 ಮಿಲಿ. ಚಮಚದಿಂದ ತಳದಿಂದ ಒಂದೇ ಸಲ ಎತ್ತಿದರೆ ಸಾಕು, ಜಾಸ್ತಿ ಕದಡಿದರೆ ಗ್ಯಾಸ್ ಹೋಗುತ್ತದೆ. ನಮ್ಮ ಸಣ್ಣ ನಿಂಬೆಹಣ್ಣು ಇದಕ್ಕೆ ಹೇಳಿ ಮಾಡಿಸಿದ್ದು, ಹುಳಿಯೂ ಘಮವೂ ಎರಡೂ ಇದೆ. ಬ್ರಾಂದಿ ಹಾಕಿ ಮಾಡುವ ಹಾರ್ಸಸ್ ನೆಕ್‌ಗೆ ಮಾತ್ರ ಅದು ಆಗಲ್ಲ, ಯಾಕಂದ್ರೆ ಅಲ್ಲಿ ಸಿಪ್ಪೆಯನ್ನು ಉದ್ದಕ್ಕೆ ಸುರುಳಿಯಾಗಿ ತೆಗೆದು ಲೋಟಕ್ಕೆ ಇಳಿಬಿಡಬೇಕು, ಅದಕ್ಕೆ ದಪ್ಪ ಸಿಪ್ಪೆಯ ಹಳದಿ ಲೆಮನ್ನೇ ಬೇಕು.

ನನ್ನ ಮೆಚ್ಚಿನದು ಕಪ್ಪು ರಮ್. ಬರ್ಮುಡಾದ ಡಾರ್ಕ್ ಆಂಡ್ ಸ್ಟಾರ್ಮಿ ಇದೇ ಜಾತಿಯದು. ಆ ಹೆಸರಿನ ಟ್ರೇಡ್‌ಮಾರ್ಕ್ ಗೋಸ್ಲಿಂಗ್ಸ್ ಕಂಪನಿಯದು, ಅವರ ಪ್ರಕಾರ ಅವರ ರಮ್ಮೇ ಆಗಬೇಕು. ನಾನು ಓಲ್ಡ್ ಮಾಂಕ್ ಹಾಕುತ್ತೇನೆ, ಹೆಸರಿನ ಗೊಡವೆ ನಮಗೇಕೆ ಅಲ್ವಾ? ಅದರ ವೆನಿಲಾ ಸಿಹಿಗೆ ಪಾಕ 15 ಮಿಲಿಗೆ ಇಳಿಸಿ, ನಿಂಬೆ ಒಂದು ಚೂರು ಏರಿಸುತ್ತೇನೆ. ರಮ್ಮನ್ನು ಸೋಡಾ ಆದ ಮೇಲೆ ನಿಧಾನಕ್ಕೆ ಸುರಿದರೆ ಮೇಲೆ ಕಪ್ಪು ಮೋಡದ ಹಾಗೆ ನಿಲ್ಲುತ್ತದೆ.

ಮಾಸ್ಕೋ ಮ್ಯೂಲ್ ಕೊಡುವ ತಾಮ್ರದ ಮಗ್ ನೋಡೋಕೆ ಚೆಂದ, ಆದರೆ ಒಳಗೆ ಸ್ಟೀಲ್ ಅಥವಾ ನಿಕ್ಕಲ್ ಪದರ ಇದೆಯಾ ನೋಡಿ ಕೊಳ್ಳಿ. ನಿಂಬೆಹುಳಿ ಬರೀ ತಾಮ್ರವನ್ನು ಕರಗಿಸುತ್ತದೆ. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಇಡಬಾರದು ಅಂತ ಮನೆಯ ಹಿರಿಯರು ಹೇಳುತ್ತಿದ್ದುದೂ ಇದಕ್ಕೇ.

ಕುಡಿಯದವರಿಗೆ ಅದೇ ಪಾಕ, ನಿಂಬೆ, ಸೋಡಾ, ಒಂದು ಚಿಟಿಕೆ ಉಪ್ಪು. ಹಿಂಡಿ ಉಳಿದ ಶುಂಠಿ ಚರಟವನ್ನು ಬಿಸಾಡಬೇಡಿ, ಮರುದಿನ ಬೆಳಗಿನ ಟೀಗೆ ಹಾಕಿ.