ವಠಾರದ 14(3)ನೇ ಮನೆ

2011ರ ಜನಗಣತಿಯ ಮೊದಲ ಹಂತವಾಗಿ 2010ರ ಬೇಸಿಗೆಯಲ್ಲಿ ಮನೆಪಟ್ಟಿ ತಯಾರಿಸುವ ಕೆಲಸ ನಡೆದಾಗ, ಸರ್ಕಾರಿ ಶಾಲೆಯ ಶಿಕ್ಷಕನಾಗಿದ್ದ ನನಗೆ ಚಾಮರಾಜಪೇಟೆಯ ಒಂದು ಬ್ಲಾಕನ್ನು ವಹಿಸಿದ್ದರು. ನೂರಿಪ್ಪತ್ತಕ್ಕೂ ಹೆಚ್ಚು ಮನೆಗಳಿದ್ದ ಆ ಬ್ಲಾಕಿನಲ್ಲಿ ನನ್ನ ಹೆಚ್ಚಿನ ಸಮಯ ತೆಗೆದುಕೊಂಡವು ಬೀಗ ಹಾಕಿದ್ದ ಹನ್ನೊಂದು ಮನೆಗಳು.

ಒಂದು ವಠಾರದ ಕಟ್ಟಡಕ್ಕೆ 14 ಎಂದು ಸಂಖ್ಯೆ ಕೊಟ್ಟರೆ, ಪ್ರತ್ಯೇಕ ಬಾಗಿಲುಳ್ಳ ಒಳಗಿನ ಮನೆಗಳು 14(1), 14(2) ಎಂದು ಸಾಗುತ್ತವೆ. ಸಂಖ್ಯೆ ಬರೆಯುವುದು ಕಷ್ಟವಲ್ಲ. ಬಳಕೆಯ ಅಂಕಣ ತುಂಬುವಾಗ ಎಚ್ಚರ ಬೇಕು. ಯಾರೂ ವಾಸವಿಲ್ಲದ, ಬೇರಾವ ಕೆಲಸಕ್ಕೂ ಬಳಕೆಯಾಗದ ಮನೆ ಮಾತ್ರ ಖಾಲಿ. ಯಾತ್ರೆಗೋ ಊರಿಗೋ ಹೋದವರ ಮನೆ ಬೀಗ ಹಾಕಿದ್ದರೂ ವಾಸದ ಮನೆಯೇ. ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರಿಯೊಬ್ಬರು ಬುಟ್ಟಿಗಳನ್ನು ಇಡುತ್ತಿದ್ದ ಕೋಣೆಯಲ್ಲಿ ಯಾರೂ ಮಲಗುತ್ತಿರಲಿಲ್ಲ, ಆದರೂ ಅದನ್ನು ಖಾಲಿ ಎನ್ನುವಂತಿರಲಿಲ್ಲ.

14(3)ರಲ್ಲಿ ನಾನು ಎಡವಿದೆ. ಬೆಳಿಗ್ಗೆ ಹನ್ನೊಂದಕ್ಕೆ ಹೋದಾಗ ಬೀಗ, ಸಂಜೆ ಐದಕ್ಕೆ ಹೋದಾಗಲೂ ಬೀಗ. ಎದುರಿನ ಅಂಗಡಿಯವರು, 'ಅಲ್ಲಿ ಯಾರೂ ಇಲ್ಲ ಮೇಷ್ಟ್ರೇ' ಎಂದರು. ಅವರ ಮಾತು ನಂಬಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಖಾಲಿ ಎಂದು ಬರೆದುಕೊಂಡೆ. ಮೂರನೆಯ ದಿನ ಪಕ್ಕದ ಮನೆಯ ವಿವರ ಬರೆಯುತ್ತ ನಿಂತಾಗ ಆ ಬಾಗಿಲನ್ನು ಸರಿಯಾಗಿ ನೋಡಿದೆ. ಬೀಗದ ಕೀಲಿ ತೂತಿನ ಸುತ್ತ ಹಿತ್ತಾಳೆ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಹೊಸ್ತಿಲಿನ ಮೇಲೆ ಅಂದಿನದೇ ರಂಗೋಲಿ ಇತ್ತು. ಪಕ್ಕದ ಮನೆಯ ಹೆಂಗಸು ಹೇಳಿದರು: 'ಗಂಡ ಹೆಂಡ್ತಿ ಇಬ್ರೂ ದುಡಿಯೋರು ಸಾರ್. ಆಯಮ್ಮ ಗಾರ್ಮೆಂಟ್ಸ್‌ಗೆ ಏಳೂವರೆಗೇ ಹೋಗ್ಬಿಡ್ತಾರೆ, ಬರೋದು ರಾತ್ರಿನೇ. ಭಾನುವಾರ ಬನ್ನಿ.'

ಭಾನುವಾರ ಹೋದೆ. ಮೂವರು ಸಿಕ್ಕರು: ಗಂಡ, ಹೆಂಡತಿ, ಗಂಡನ ತಮ್ಮ. ಖಾಲಿ ಎಂದು ಬರೆದು ಮುಗಿಸಿದ್ದರೆ ಅವರ ಕುಡಿಯುವ ನೀರು, ಶೌಚಾಲಯ, ಅಡುಗೆಯ ಇಂಧನ ಯಾವುದೂ ದಾಖಲಾಗುತ್ತಿರಲಿಲ್ಲ. ಇಡೀ ವಠಾರಕ್ಕೆ ಒಂದೇ ನಲ್ಲಿ ಇದ್ದಾಗ, ಅದನ್ನು ನೆಚ್ಚಿಕೊಂಡ ಒಂದು ಕುಟುಂಬ ಲೆಕ್ಕದಿಂದಲೇ ಬಿಟ್ಟುಹೋಗುವುದು ಸಣ್ಣ ತಪ್ಪಲ್ಲ ಎಂದು ನಾನು ಇಂದಿಗೂ ಭಾವಿಸುತ್ತೇನೆ.

ಆಮೇಲೆ ಬೀಗ ಕಂಡ ಪ್ರತಿ ಮನೆಗೂ ಬೇರೆ ಬೇರೆ ಹೊತ್ತಿನಲ್ಲಿ, ಒಮ್ಮೆಯಾದರೂ ರಜಾ ದಿನದಲ್ಲಿ ಹೋದೆ. ಇಬ್ಬರು ನೆರೆಯವರನ್ನೂ, ಸಿಕ್ಕರೆ ಮಾಲೀಕರನ್ನೂ ಕೇಳಿದೆ. ಹನ್ನೊಂದರಲ್ಲಿ ನಿಜವಾಗಿ ಖಾಲಿ ಇದ್ದದ್ದು ನಾಲ್ಕು. ಆ ಪೈಕಿ ಎರಡರ ಕಿಟಕಿಗೆ 'ಮನೆ ಬಾಡಿಗೆಗಿದೆ' ಎಂಬ ಹಲಗೆ ತೂಗುತ್ತಿತ್ತು.